ಕಡಲಂಚಿನ ಪಕ್ಷಿಧಾಮ

ಭಾರತದ ಭೂಪಟದ ಮೇಲೆ ಪೂರ್ವ ಕರಾವಳಿಯ ಗೆರೆಯನ್ನು ಅನುಸರಿಸುತ್ತ ಚೆನ್ನೈಯಿಂದ ದಕ್ಷಿಣಕ್ಕೆ ಸಾಗಿದರೆ, ನಾಗಪಟ್ಟಿಣವನ್ನು ದಾಟಿದ ಮೇಲೆ ಆ ಗೆರೆ ಥಟ್ಟನೆ ಪಶ್ಚಿಮಕ್ಕೆ ಹೊರಳುವುದು ಕಾಣುತ್ತದೆ. ಹೆಚ್ಚುಕಡಿಮೆ ಲಂಬಕೋನದಂತಿರುವ ಆ ತಿರುವಿನ ತುದಿಯಲ್ಲಿರುವ ಭೂಶಿರವೇ ಕೋಡಿಯಕ್ಕರೈ. ಇಂಗ್ಲಿಷ್ ಭೂಪಟಗಳಲ್ಲಿ ಇದಕ್ಕೆ ಪಾಯಿಂಟ್ ಕ್ಯಾಲಿಮೇರ್ ಎಂಬ ಹೆಸರಿದೆ. ಇದರ ಪೂರ್ವಕ್ಕೆ ಬಂಗಾಳ ಕೊಲ್ಲಿ, ದಕ್ಷಿಣಕ್ಕೆ ಪಾಕ್ ಜಲಸಂಧಿ. ಕೊಡಗಿನ ತಲಕಾವೇರಿಯಲ್ಲಿ ಹುಟ್ಟಿ, ಕನ್ನಡನಾಡನ್ನು ತಣಿಸಿ, ತಮಿಳುನಾಡಿನ ಬಯಲಿನಲ್ಲಿ ಹಲವು ಕವಲುಗಳಾಗಿ ಒಡೆಯುವ ಕಾವೇರಿ ನದಿಯು ಯುಗಯುಗಗಳಿಂದ ಮಣ್ಣು ತಂದು ಕಟ್ಟಿದ ಮುಖಜಭೂಮಿಯ ಆಗ್ನೇಯ ಮೂಲೆ ಇದು. ಕೊಡಗಿನ ಬೆಟ್ಟದಲ್ಲಿ ಬಿದ್ದ ಮಳೆಗೂ ಈ ಕಡಲಂಚಿನ ಕೆಸರಿಗೂ ಹೀಗೆ ಒಂದು ಹಳೆಯ ನಂಟು ಇದೆ.

ವೇದಾರಣ್ಯ ಪಟ್ಟಣದಿಂದ ದಕ್ಷಿಣಕ್ಕೆ ಸುಮಾರು ಹತ್ತು ಕಿಲೋಮೀಟರ್ ಸಾಗಿದರೆ ಕೋಡಿಯಕ್ಕರೈ ಸಿಗುತ್ತದೆ. ಇಲ್ಲಿನ ನೆಲದ ರೂಪ ಒಂದೇ ಬಗೆಯದಲ್ಲ. ಕುಳ್ಳಗೆ ದಟ್ಟವಾಗಿ ಬೆಳೆದ, ಬೇಸಿಗೆಯಲ್ಲೂ ಎಲೆಯುದುರಿಸದ ಒಣನಾಡಿನ ಕಾಡು ಒಂದೆಡೆ. ಕೃಷ್ಣಮೃಗಗಳು ಮೇಯುವ ಹುಲ್ಲುಗಾವಲು ಇನ್ನೊಂದೆಡೆ. ಮರಳ ದಿಣ್ಣೆಗಳು ಮತ್ತು ಕಡಲತೀರ ಮತ್ತೊಂದೆಡೆ. ಇವುಗಳ ಪಶ್ಚಿಮಕ್ಕೆ, ಪಾಕ್ ಜಲಸಂಧಿಗೆ ಸಮಾನಾಂತರವಾಗಿ, ವೇದಾರಣ್ಯದ ಮಹಾಜೌಗು ಸುಮಾರು 48 ಕಿಲೋಮೀಟರ್ ಉದ್ದಕ್ಕೆ ಹರಡಿಕೊಂಡಿದೆ. ಸಮುದ್ರಕ್ಕೂ ಜೌಗಿಗೂ ನಡುವೆ ಮರಳಿನ ದಂಡೆಯೊಂದೇ ಗೋಡೆ. ಜೌಗಿನ ಅಂಚಿನಲ್ಲಿ ಉಪ್ಪಿನಾಗರಗಳಿವೆ. 1930ರ ಏಪ್ರಿಲ್ ತಿಂಗಳಲ್ಲಿ ಸಿ. ರಾಜಗೋಪಾಲಾಚಾರಿಯವರು ತಿರುಚಿರಾಪಳ್ಳಿಯಿಂದ ಸತ್ಯಾಗ್ರಹಿಗಳೊಡನೆ ಕಾಲ್ನಡಿಗೆಯಲ್ಲಿ ಬಂದು ಉಪ್ಪಿನ ಕಾನೂನನ್ನು ಮುರಿದದ್ದು ಈ ವೇದಾರಣ್ಯದಲ್ಲಿಯೇ.

ಮನುಷ್ಯನ ಚರಿತ್ರೆಯಲ್ಲಿ ಈ ಊರಿಗೆ ಹೀಗೆ ಒಂದು ಸ್ಥಾನವಿದ್ದರೆ, ಹಕ್ಕಿಗಳ ಲೋಕದಲ್ಲಿ ಅದಕ್ಕಿಂತ ಹಳೆಯದಾದ ಇನ್ನೊಂದು ಸ್ಥಾನವಿದೆ. ಪ್ರತಿವರ್ಷವೂ ಮಳೆಗಾಲ ಮುಗಿಯುತ್ತ ಬಂದಂತೆ ಸಾವಿರಾರು ನೀರುಹಕ್ಕಿಗಳು ಇಲ್ಲಿಗೆ ಬಂದಿಳಿಯುತ್ತವೆ. ಪಕ್ಷಿತಜ್ಞ ಡಾ. ಸಲೀಂ ಅಲಿಯವರು 1962ರಲ್ಲಿ ಈ ಪ್ರದೇಶದ ಮಹತ್ತ್ವವನ್ನು ಗುರುತಿಸಿದರು. 1967ರಲ್ಲಿ ಇದು ವನ್ಯಜೀವಿಧಾಮವೆಂದು ಘೋಷಿತವಾಯಿತು. 2002ರಲ್ಲಿ ಧಾಮವೂ ಅದರ ಸುತ್ತಲಿನ ಜೌಗು ಪ್ರದೇಶವೂ ಸೇರಿ, ಅಂತರರಾಷ್ಟ್ರೀಯ ಮಹತ್ತ್ವದ ಜೌಗುನೆಲಗಳ ರಾಮ್ಸಾರ್ ಪಟ್ಟಿಯಲ್ಲಿ ಸ್ಥಾನ ಪಡೆದವು.

ಈ ಹಕ್ಕಿಗಳು ಇಲ್ಲಿಗೇ ಏಕೆ ಬರುತ್ತವೆ? ಕರ್ಲ್ಯೂ ಸ್ಯಾಂಡ್‌ಪೈಪರ್ ಎಂಬ ಗದ್ದೆಗೊರವದ ಜಾತಿಯ ಹಕ್ಕಿಯೊಂದನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಅದರ ತೂಕ ಸುಮಾರು 60 ಗ್ರಾಂ. ಕೆಳಕ್ಕೆ ಬಾಗಿದ ಉದ್ದನೆಯ ಕಪ್ಪು ಕೊಕ್ಕು ಅದರ ಗುರುತು. ಜೂನ್ ಮತ್ತು ಜುಲೈ ತಿಂಗಳುಗಳಲ್ಲಿ ಅದು ಸೈಬೀರಿಯದ ಉತ್ತರದಂಚಿನ ಹಿಮಬಯಲಿನಲ್ಲಿ ಮೊಟ್ಟೆಯಿಟ್ಟು ಮರಿಮಾಡುತ್ತದೆ. ಅಲ್ಲಿನ ಬೇಸಿಗೆ ಕೆಲವೇ ವಾರಗಳದು; ಆದರೆ ಆ ಕೆಲವು ವಾರಗಳಲ್ಲಿ ಸೂರ್ಯ ಮುಳುಗುವುದೇ ಇಲ್ಲ, ಕೀಟಗಳು ಮುತ್ತಿಕೊಂಡಿರುತ್ತವೆ. ಮರಿಗಳನ್ನು ಸಾಕಲು ಅದಕ್ಕಿಂತ ಒಳ್ಳೆಯ ಕಾಲವಿಲ್ಲ. ಬೇಸಿಗೆ ಮುಗಿದೊಡನೆ ನೆಲ ಹೆಪ್ಪುಗಟ್ಟುತ್ತದೆ, ಕೊಕ್ಕು ಊರಲು ಕೆಸರೇ ಇರುವುದಿಲ್ಲ. ಆಗ ಹಕ್ಕಿ ದಕ್ಷಿಣಕ್ಕೆ ಹೊರಡಲೇಬೇಕು. ನೇರ ಗೆರೆ ಎಳೆದು ಅಳೆದರೂ ಸೈಬೀರಿಯದ ಆ ಅಂಚಿನಿಂದ ಕೋಡಿಯಕ್ಕರೈಗೆ ಸುಮಾರು 7,000 ಕಿಲೋಮೀಟರ್ ದೂರವಿದೆ. ಹಕ್ಕಿ ಆ ದೂರವನ್ನು ವರ್ಷಕ್ಕೆ ಎರಡು ಬಾರಿ ಕ್ರಮಿಸುತ್ತದೆ.

ಈಶಾನ್ಯ ಮಾರುತವು ಅಕ್ಟೋಬರಿನಿಂದ ಡಿಸೆಂಬರಿನವರೆಗೆ ತಮಿಳುನಾಡಿನ ಕರಾವಳಿಗೆ ಮಳೆ ಸುರಿಸುತ್ತದೆ. ಬೇಸಿಗೆಯಲ್ಲಿ ಉಪ್ಪುಗಟ್ಟಿ ಬಿರುಕುಬಿಟ್ಟಿದ್ದ ಜೌಗು ಆಗ ಸಿಹಿನೀರಿನಿಂದ ತುಂಬಿ, ಪಾಚಿ, ಹುಳು, ಸಿಗಡಿ, ಸಣ್ಣ ಮೀನುಗಳಿಂದ ಜೀವತಳೆಯುತ್ತದೆ. ಜನವರಿ, ಫೆಬ್ರವರಿಯ ವೇಳೆಗೆ ನೀರು ನಿಧಾನವಾಗಿ ಇಳಿಯುತ್ತ ಹೊಸ ಹೊಸ ಕೆಸರುಬಯಲುಗಳನ್ನು ತೆರೆಯುತ್ತದೆ. ದೂರದಿಂದ ದಣಿದು ಬಂದ ಅತಿಥಿಗಳಿಗೆ ಹೀಗೆ ದಿನದಿನವೂ ಹೊಸ ಎಲೆ ಹಾಕಿ ಬಡಿಸಿದಂತಾಗುತ್ತದೆ. ನವೆಂಬರಿನಿಂದ ಫೆಬ್ರವರಿಯವರೆಗಿನ ಕಾಲವೇ ಪಕ್ಷಿವೀಕ್ಷಣೆಗೆ ಪ್ರಶಸ್ತವೆನ್ನುವುದು ಈ ಕಾರಣದಿಂದ.

ಇಷ್ಟು ದೂರದಿಂದ ಹಕ್ಕಿಗಳು ಬರುತ್ತವೆಂದು ಮನುಷ್ಯನಿಗೆ ತಿಳಿದದ್ದು ಹೇಗೆ ಎಂಬುದು ಸ್ವಾರಸ್ಯಕರವಾದ ವಿಷಯ. 1899ರಲ್ಲಿ ಡೆನ್ಮಾರ್ಕ್ ದೇಶದ ಮಾರ್ಟೆನ್ಸೆನ್ ಎಂಬ ಶಾಲಾ ಉಪಾಧ್ಯಾಯರು ಹಕ್ಕಿಗಳ ಕಾಲಿಗೆ ಅಲ್ಯೂಮಿನಿಯಮಿನ ಹಗುರವಾದ ಉಂಗುರ ತೊಡಿಸಿ, ಅದರ ಮೇಲೆ ಸಂಖ್ಯೆಯನ್ನೂ ವಿಳಾಸವನ್ನೂ ಕೆತ್ತಿ ಹಾರಿಬಿಟ್ಟರು. ಉಂಗುರ ತೊಟ್ಟ ಹಕ್ಕಿ ಬೇರೊಂದು ದೇಶದಲ್ಲಿ ಸಿಕ್ಕಾಗ, ಸಿಕ್ಕವರು ಆ ವಿಳಾಸಕ್ಕೆ ಪತ್ರ ಬರೆದರೆ ಹಕ್ಕಿಯ ದಾರಿಯ ಎರಡು ತುದಿಗಳು ತಿಳಿದಂತಾಯಿತು. ಇಷ್ಟು ಸರಳವಾದ ಉಪಾಯದಿಂದ ಪಕ್ಷಿವಲಸೆಯ ವಿಜ್ಞಾನ ಬೆಳೆಯಿತು.

ಭಾರತದಲ್ಲಿ ಈ ಕಾರ್ಯ ದೊಡ್ಡ ಪ್ರಮಾಣದಲ್ಲಿ ಆರಂಭವಾಗುವುದಕ್ಕೆ ಕರ್ನಾಟಕದ ಒಂದು ದುರಂತವೇ ಕಾರಣವಾಯಿತು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲುಸಾಲಾಗಿ ಸತ್ತು, ಹಳ್ಳಿಗಳಲ್ಲಿ ಜನರೂ ಜ್ವರದಿಂದ ನರಳಿದರು. ಮಂಗನ ಕಾಯಿಲೆ ಎಂದು ಜನ ಕರೆದ ಆ ರೋಗದ ವೈರಾಣು, ರಷ್ಯದ ಕಾಡುಗಳಲ್ಲಿ ಕಾಣುವ ಒಂದು ಮೆದುಳುಜ್ವರದ ವೈರಾಣುವನ್ನು ಹೋಲುತ್ತಿತ್ತು. ಸೈಬೀರಿಯದಿಂದ ಬರುವ ಹಕ್ಕಿಗಳ ಮೈಮೇಲಿನ ಉಣ್ಣೆಗಳ ಮೂಲಕ ಅದು ಬಂದಿರಬಹುದೇ ಎಂಬ ಶಂಕೆ ಹುಟ್ಟಿತು. ಅದನ್ನು ಪರೀಕ್ಷಿಸಲು ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಮುಂಬಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿಯು 1959ರಲ್ಲಿ ಹಕ್ಕಿಗಳಿಗೆ ಉಂಗುರ ತೊಡಿಸುವ ಯೋಜನೆಯನ್ನು ಕೈಗೊಂಡಿತು. ಡಾ. ಸಲೀಂ ಅಲಿಯವರು ಅದರ ಮುಂದಾಳು. ವಲಸೆಹಕ್ಕಿಗಳೇ ರೋಗವನ್ನು ತಂದವೆಂಬುದು ಸಿದ್ಧವಾಗಲಿಲ್ಲ. ಆದರೆ ಆ ನೆಪದಿಂದ ಹಕ್ಕಿಗಳ ದಾರಿಗಳ ಬಗ್ಗೆ ಅಮೂಲ್ಯವಾದ ತಿಳಿವಳಿಕೆ ಕೂಡಿಬಂತು. ಮುಂದೆ ಕೋಡಿಯಕ್ಕರೈ ಈ ಅಧ್ಯಯನದ ಮುಖ್ಯ ಕೇಂದ್ರಗಳಲ್ಲಿ ಒಂದಾಯಿತು. ಹಕ್ಕಿಗಳನ್ನು ಗಾಯವಾಗದಂತೆ ಹಿಡಿಯುವುದಕ್ಕೆ, ತಲೆಮಾರುಗಳಿಂದ ಆ ವಿದ್ಯೆಯಲ್ಲಿ ಪಳಗಿದ್ದ ಬೇಟೆಗಾರರ ಕೈಚಳಕವನ್ನೇ ವಿಜ್ಞಾನಿಗಳು ಬಳಸಿಕೊಂಡರು. ಹಿಡಿದು ಮಾರುತ್ತಿದ್ದ ಕೈಗಳೇ ಹಿಡಿದು ಬಿಡುವ ಕೆಲಸಕ್ಕೆ ಒದಗಿದವು.

ಅದಕ್ಕೂ ಹಿಂದಿನ ಕಾಲದಲ್ಲಿ ಪಕ್ಷಿಶಾಸ್ತ್ರದ ಮುಖ್ಯ ಉಪಕರಣ ಬಂದೂಕವಾಗಿತ್ತು. ಹಕ್ಕಿಯನ್ನು ಹೊಡೆದು, ಚರ್ಮ ಸುಲಿದು, ಹತ್ತಿ ತುಂಬಿ, ಅಳತೆ ಬರೆದಿಡುವುದೇ ಅಧ್ಯಯನದ ಕ್ರಮ. 1885ರ ಕಾಂಗ್ರೆಸ್ ಸ್ಥಾಪನೆಯಲ್ಲಿ ಪಾತ್ರ ವಹಿಸಿದ ಎ. ಓ. ಹ್ಯೂಮ್ ಅವರು ಹೀಗೆ ಭಾರತದ ಹತ್ತಾರು ಸಾವಿರ ಹಕ್ಕಿಗಳ ಮಾದರಿಗಳನ್ನು ಕೂಡಿಸಿ ಬ್ರಿಟಿಷ್ ವಸ್ತುಸಂಗ್ರಹಾಲಯಕ್ಕೆ ಕೊಟ್ಟಿದ್ದರು. ಇಂದಿಗೂ ಆ ಮಾದರಿಗಳಿಂದ ವಿಜ್ಞಾನಕ್ಕೆ ಉಪಯೋಗವಿದೆ. ಬಂದೂಕದ ತರುವಾಯ ಬಲೆ ಮತ್ತು ಉಂಗುರ ಬಂದವು, ಹಕ್ಕಿ ಬದುಕುಳಿಯಿತು. ಈಗ ದುರ್ಬೀನು ಮತ್ತು ಕ್ಯಾಮರಾಗಳ ಕಾಲ. ಹಕ್ಕಿಯನ್ನು ಮುಟ್ಟುವ ಅಗತ್ಯವೂ ಬಹುಮಟ್ಟಿಗೆ ತಪ್ಪಿದೆ. ಆದರೆ ಮುಟ್ಟದೆಯೂ ಹಕ್ಕಿಗೆ ಹಾನಿ ಮಾಡಬಹುದೆಂಬುದನ್ನು ಕೋಡಿಯಕ್ಕರೈಗೆ ಹೋಗುವ ಪ್ರತಿಯೊಬ್ಬನೂ ಅರಿತಿರಬೇಕು.

ಪಕ್ಷಿವೀಕ್ಷಣೆಯ ಪ್ರವಾಸ ನಸುಕಿನಲ್ಲಿ ಆರಂಭವಾಗುತ್ತದೆ. ಧಾಮವನ್ನು ಪ್ರವೇಶಿಸಲು ಅರಣ್ಯ ಇಲಾಖೆಯ ಅಪ್ಪಣೆ ಬೇಕು. ಉಡುಪು ಮಣ್ಣಿನ ಅಥವಾ ಒಣಹುಲ್ಲಿನ ಬಣ್ಣದ್ದಾಗಿದ್ದರೆ ಮೇಲು. ಬಿಳಿಯ ಅಂಗಿ ಬಯಲಿನಲ್ಲಿ ದೂರದಿಂದಲೇ ಕಣ್ಣಿಗೆ ಹೊಡೆಯುತ್ತದೆ. ಹೆಗಲಿನಲ್ಲಿ ದುರ್ಬೀನು, ಜೇಬಿನಲ್ಲಿ ಟಿಪ್ಪಣಿಪುಸ್ತಕ ಮತ್ತು ಸೀಸದಕಡ್ಡಿ ಇರಬೇಕು. ದುರ್ಬೀನಿನ ಮೇಲೆ ಸಾಮಾನ್ಯವಾಗಿ 8×40 ಎಂಬಂತಹ ಸಂಖ್ಯೆಗಳಿರುತ್ತವೆ. ಮೊದಲನೆಯದು ವಸ್ತುವನ್ನು ಎಷ್ಟು ಪಟ್ಟು ಹತ್ತಿರಕ್ಕೆ ತೋರಿಸುತ್ತದೆ ಎಂಬುದನ್ನೂ, ಎರಡನೆಯದು ಮುಂಭಾಗದ ಮಸೂರದ ವ್ಯಾಸ ಎಷ್ಟು ಮಿಲಿಮೀಟರ್ ಎಂಬುದನ್ನೂ ಹೇಳುತ್ತದೆ. ಎಂಬತ್ತು ಮೀಟರ್ ದೂರದ ಹಕ್ಕಿ ಇಂತಹ ದುರ್ಬೀನಿನಲ್ಲಿ ಹತ್ತು ಮೀಟರ್ ದೂರದಲ್ಲಿರುವಂತೆ ಕಾಣುತ್ತದೆ. ಎಪ್ಪತ್ತು ಮೀಟರ್‌ಗಳಷ್ಟು ಅಂತರವನ್ನು ಕಾಲಿನ ಬದಲು ಕಣ್ಣಿನಿಂದ ದಾಟುವ ಸೌಲಭ್ಯ ಇದು. ಎರಡನೆಯ ಸಂಖ್ಯೆ ದೊಡ್ಡದಾದಷ್ಟೂ ಹೆಚ್ಚು ಬೆಳಕು ಒಳಬರುವುದರಿಂದ ಮುಂಜಾನೆಯ ಮಬ್ಬಿನಲ್ಲಿಯೂ ನೋಟ ಸ್ಪಷ್ಟವಾಗುತ್ತದೆ.

ಹುಲ್ಲುಗಾವಲಿನ ಅಂಚಿಗೆ ಬಂದಾಗ ಮೊದಲು ಕಾಣುವುವು ಕೃಷ್ಣಮೃಗಗಳು. ಗಂಡು ಬಲಿತಾಗ ಬೆನ್ನು ಕಪ್ಪಾಗುತ್ತದೆ. ತಿರುಪಿನಂತಹ ಕೋಡುಗಳು ಗಂಡಿಗೆ ಮಾತ್ರ. ಹೆಣ್ಣುಗಳೂ ಮರಿಗಳೂ ಕಂದುಬಣ್ಣದವು. ಒಂದೊಮ್ಮೆ ಸಾಕುಪ್ರಾಣಿಗಳಾಗಿದ್ದು ಕಾಡುಪಾಲಾದ ಕುದುರೆಗಳ ಸಂತತಿಯೂ ಇದೇ ಬಯಲಿನಲ್ಲಿ ಮೇಯುತ್ತಿರುತ್ತದೆ. ಕಾಡಿನೊಳಗೆ ಪಿಕಳಾರಗಳ ಕಲರವ ಕೇಳುತ್ತದೆ. ಮೈಯಲ್ಲಿ ಹಲವು ಬಣ್ಣಗಳನ್ನು ಹೊತ್ತ ನವರಂಗವೂ ವಲಸೆಯ ದಾರಿಯಲ್ಲಿ ಈ ಕಾಡಿನಲ್ಲಿ ತಂಗಿ ಹೋಗುವುದುಂಟು.

ಬಿಸಿಲು ಏರುವ ಮುನ್ನ ಜೌಗಿನ ಅಂಚನ್ನು ಸೇರಬೇಕು. ಅಲ್ಲಿ ಮೊದಲ ನೋಟಕ್ಕೆ ಕೆಸರಿನ ಬಯಲು ಬರಿದಾಗಿ ತೋರುತ್ತದೆ. ದುರ್ಬೀನನ್ನು ಕಣ್ಣಿಗೆ ಹಿಡಿದಾಗ ಆ ಕೆಸರೇ ಚಲಿಸುತ್ತಿರುವಂತೆ ಭಾಸವಾಗುತ್ತದೆ. ಬೂದು, ಕಂದು ಬಣ್ಣದ ನೂರಾರು ಸಣ್ಣ ಹಕ್ಕಿಗಳು ಕೊಕ್ಕನ್ನು ಊರುತ್ತ, ಕೀಳುತ್ತ, ಓಡುತ್ತ ಇರುತ್ತವೆ. ಇವೆಲ್ಲವೂ ಒಂದೇ ಕೆಸರಿನಲ್ಲಿ ಉಣ್ಣುವಾಗ ಜಗಳವೇಕಿಲ್ಲ ಎಂಬ ಪ್ರಶ್ನೆಗೆ ಕೊಕ್ಕಿನ ಅಳತೆಯೇ ಉತ್ತರ. ಪ್ಲವರ್ ಜಾತಿಯ ಹಕ್ಕಿಗಳಿಗೆ ಗಿಡ್ಡ ಕೊಕ್ಕು, ದೊಡ್ಡ ಕಣ್ಣು. ಅವು ಓಡಿ, ನಿಂತು, ಮೇಲ್ಮೈಯಲ್ಲಿ ಕಂಡ ಹುಳುವನ್ನು ಹೆಕ್ಕುತ್ತವೆ. ಗದ್ದೆಗೊರವಗಳ ಕೊಕ್ಕು ಕೆಸರಿನೊಳಕ್ಕೆ ಕೆಲವು ಸೆಂಟಿಮೀಟರ್ ಇಳಿಯುತ್ತದೆ. ಕುಡುಗೋಲಿನಂತೆ ಬಾಗಿದ ಕರ್ಲ್ಯೂ ಹಕ್ಕಿಯ ಕೊಕ್ಕು ಇನ್ನೂ ಆಳದ ಬಿಲಗಳಿಗೆ ಕೈಯಿಡುತ್ತದೆ. ಮೆಟ್ಟುಗಾಲು ಹಕ್ಕಿ ತನ್ನ ನೀಳವಾದ ಕೆಂಪು ಕಾಲುಗಳ ಮೇಲೆ ನಿಂತು, ಉಳಿದವು ಇಳಿಯಲಾರದ ನೀರಿನಲ್ಲಿ ಆಹಾರ ಹುಡುಕುತ್ತದೆ. ಚಮಚದ ಕೊಕ್ಕಿನ ಹಕ್ಕಿ ನೀರನ್ನು ಎಡಕ್ಕೂ ಬಲಕ್ಕೂ ಕಲಕಿ ಮೀನನ್ನು ಕಚ್ಚುತ್ತದೆ. ಪಂಕ್ತಿ ಒಂದೇ ಆದರೂ ಒಬ್ಬೊಬ್ಬರ ಎಲೆ ಒಂದೊಂದು.

ಆ ಪಂಕ್ತಿಯಲ್ಲಿ ಎಲ್ಲರ ಕಣ್ಣನ್ನೂ ಸೆಳೆಯುವುದು ರಾಜಹಂಸ. ಫ್ಲೆಮಿಂಗೋ ಎಂದು ಹೆಸರಾದ ಈ ಹಕ್ಕಿ ಸುಮಾರು ನಾಲ್ಕು ಅಡಿ ಎತ್ತರ ನಿಲ್ಲುತ್ತದೆ. ನಡುವೆ ಮುರಿದಂತೆ ಬಾಗಿದ ಅದರ ಕೊಕ್ಕು ವಿಚಿತ್ರವಾಗಿ ತೋರಿದರೂ, ತಲೆಯನ್ನು ತಲೆಕೆಳಗಾಗಿ ನೀರಿನಲ್ಲಿ ಅದ್ದಿದಾಗ ಅದರ ಅರ್ಥ ತಿಳಿಯುತ್ತದೆ. ದಪ್ಪವಾದ ನಾಲಗೆ ನೀರೆತ್ತುವ ಯಂತ್ರದಂತೆ ನೀರನ್ನು ಒಳಗೆಳೆದು ಹೊರತಳ್ಳುತ್ತದೆ. ಕೊಕ್ಕಿನ ಅಂಚಿನ ಸೂಕ್ಷ್ಮವಾದ ಜಾಲರಿಯಲ್ಲಿ ಪಾಚಿ, ಸಣ್ಣ ಸಿಗಡಿಗಳು ಉಳಿಯುತ್ತವೆ. ಅದರ ರೆಕ್ಕೆಯ ಗುಲಾಬಿ ಬಣ್ಣವೂ ಈ ಆಹಾರದಿಂದ ಬಂದುದೇ. ಮರಿಗಳು ಬೂದುಬಣ್ಣದವು, ವರ್ಷಗಳು ಕಳೆದಂತೆ ಬಣ್ಣ ಏರುತ್ತದೆ. ಭಾರತದಲ್ಲಿ ರಾಜಹಂಸಗಳು ಗೂಡು ಕಟ್ಟುವ ಹೆಸರಾಂತ ನೆಲೆ ಗುಜರಾತಿನ ಕಚ್ಛದ ರಣದಲ್ಲಿದೆ. ಕೋಡಿಯಕ್ಕರೈ ಅವುಗಳಿಗೆ ಅನ್ನದ ನೆಲೆ.

ಇಲ್ಲಿಯೇ ವೀಕ್ಷಕನ ಪರೀಕ್ಷೆ ಆರಂಭವಾಗುತ್ತದೆ. ರಾಜಹಂಸಗಳ ಹಿಂಡು ಒಮ್ಮೆಗೇ ಎದ್ದು ಹಾರಿದಾಗ ರೆಕ್ಕೆಗಳ ಕೆಂಪು ಮತ್ತು ಕಪ್ಪು ಬಣ್ಣಗಳು ತೆರೆದುಕೊಳ್ಳುತ್ತವೆ. ಆ ಚಿತ್ರ ಅತ್ಯಂತ ಮನೋಹರವಾದುದು. ಅದನ್ನು ಪಡೆಯಲು ಹಿಂಡಿನತ್ತ ಓಡುವವರೂ, ಚಪ್ಪಾಳೆ ತಟ್ಟುವವರೂ, ಕಲ್ಲೆಸೆಯುವವರೂ ಇಲ್ಲದಿಲ್ಲ. ಕ್ಷಣಮಾತ್ರದ ಆ ಹಾರಾಟದಿಂದ ಹಕ್ಕಿಗೆ ಏನು ನಷ್ಟವೆಂದು ಅವರು ಯೋಚಿಸುವುದಿಲ್ಲ. ರಾಜಹಂಸವು ನೀರಿನ ಮೇಲೆ ಹಲವು ಹೆಜ್ಜೆ ಓಡಿ ವೇಗ ಕೂಡಿಸಿಕೊಂಡಲ್ಲದೆ ಮೇಲೇಳಲಾರದು. ವಿಶ್ರಾಂತಿಯಲ್ಲಿರುವ ಹಕ್ಕಿಗೆ ಬೇಕಾದುದಕ್ಕಿಂತ ಹಲವು ಪಟ್ಟು ಶಕ್ತಿ ಹಾರುವ ಹಕ್ಕಿಗೆ ಬೇಕು. ಹಾರುತ್ತಿರುವಷ್ಟು ಹೊತ್ತು ಉಣ್ಣುವಂತೆಯೂ ಇಲ್ಲ. ಹೀಗೆ ಒಂದು ಹೆದರಿಕೆಯಿಂದ ನಷ್ಟ ಎರಡು: ಕೂಡಿಟ್ಟದ್ದು ಖರ್ಚಾಗುತ್ತದೆ, ಕೂಡಿಸುವ ಹೊತ್ತೂ ಹೋಗುತ್ತದೆ.

ಸಣ್ಣ ಹಕ್ಕಿಗಳಿಗೆ ಈ ಲೆಕ್ಕ ಇನ್ನೂ ಕಠಿಣವಾದುದು. ಲಿಟಲ್ ಸ್ಟಿಂಟ್ ಎಂಬ ಹಕ್ಕಿ ಒಂದು ಹಿಡಿ ಅಕ್ಕಿಯಷ್ಟೂ ತೂಗುವುದಿಲ್ಲ. ಏಪ್ರಿಲ್, ಮೇ ತಿಂಗಳುಗಳಲ್ಲಿ ಉತ್ತರಕ್ಕೆ ಹೊರಡುವ ಮುನ್ನ ಅದು ಮೈಯಲ್ಲಿ ಕೊಬ್ಬನ್ನು ಸಂಗ್ರಹಿಸಬೇಕು. ಆ ಕೊಬ್ಬೇ ಅದರ ದಾರಿಯ ಬುತ್ತಿ. ಒಂದು ದಿನದಲ್ಲಿ ಹತ್ತು ತಂಡಗಳು ಬಂದು, ಪ್ರತಿಯೊಂದು ತಂಡವೂ ಒಂದೇ ಹಿಂಡನ್ನು ಮೂರು ಸಲ ಎಬ್ಬಿಸಿದರೆ, ಆ ಹಿಂಡು ಮೂವತ್ತು ಬಾರಿ ಹಾರಬೇಕಾಗುತ್ತದೆ. ಒಂದೊಂದು ತಂಡಕ್ಕೂ ತನ್ನದು ಅಲ್ಪವೆಂದೇ ತೋರುತ್ತದೆ. ಹಕ್ಕಿಯ ಮೈಯಲ್ಲಿ ಮಾತ್ರ ಮೂವತ್ತೂ ಸೇರಿ ಲೆಕ್ಕವಾಗುತ್ತದೆ. ಬುತ್ತಿ ಸಾಲದೆ ಹೊರಟ ಹಕ್ಕಿ ದಾರಿಯಲ್ಲಿ ಬಿದ್ದರೆ ಅದನ್ನು ಕಂಡವರೂ ಇಲ್ಲ, ಬರೆದಿಟ್ಟವರೂ ಇಲ್ಲ. ಚಿತ್ರ ತೆಗೆದವನ ಗೋಡೆಯ ಮೇಲೆ ಮಾತ್ರ ಅದು ಹಾರುತ್ತಲೇ ಇರುತ್ತದೆ.

ಹಾಗಾದರೆ ಹಕ್ಕಿಯ ಒಳ್ಳೆಯ ಛಾಯಾಚಿತ್ರವನ್ನು ತೆಗೆಯುವುದು ಹೇಗೆ? ಬಲ್ಲವರ ಕ್ರಮ ಸರಳವಾದುದು. ಆದರೆ ತಾಳ್ಮೆಯನ್ನು ಬೇಡುತ್ತದೆ. ಹಕ್ಕಿಯ ಬಳಿಗೆ ಹೋಗುವುದಕ್ಕಿಂತ ಹಕ್ಕಿ ಬರುವ ದಾರಿಯಲ್ಲಿ ಕಾದು ಕುಳಿತಿರುವುದು ಮೇಲು. ನೀರು ಇಳಿಯುವ ಅಥವಾ ಏರುವ ದಿಕ್ಕನ್ನು ಗಮನಿಸಿದರೆ ಹಕ್ಕಿಗಳು ಎತ್ತ ಸರಿಯುತ್ತವೆಂದು ಊಹಿಸಬಹುದು. ಪೊದೆಯ ಮರೆ, ಮಣ್ಣಿನ ಏರಿಯ ಮರೆ, ನಿಲ್ಲಿಸಿದ ವಾಹನದ ಮರೆ, ಇವು ಒಳ್ಳೆಯ ಅಡಗುತಾಣಗಳು. ನಿಂತ ಮನುಷ್ಯನಿಗೆ ಹೆದರುವ ಹಕ್ಕಿ ಕುಳಿತ ಮನುಷ್ಯನಿಗೆ ಅಷ್ಟಾಗಿ ಹೆದರುವುದಿಲ್ಲ. ಮುಂದೆ ಸಾಗಲೇಬೇಕಾದಾಗ ನೇರವಾಗಿ ಹಕ್ಕಿಯತ್ತ ನಡೆಯದೆ ಓರೆಯಾಗಿ, ನಿಧಾನವಾಗಿ, ನಡುನಡುವೆ ನಿಂತು ಸಾಗಬೇಕು. ಹಕ್ಕಿ ಮೇಯುವುದನ್ನು ನಿಲ್ಲಿಸಿ ಕತ್ತೆತ್ತಿ ನೋಡಿತೆಂದರೆ ಅದು ಮೊದಲ ಎಚ್ಚರಿಕೆ, ಅಲ್ಲಿಯೇ ನಿಲ್ಲಬೇಕು. ಹೆಜ್ಜೆಯಿಟ್ಟು ದೂರ ಸರಿಯತೊಡಗಿದರೆ ಅದು ಎರಡನೆಯ ಎಚ್ಚರಿಕೆ, ಹಿಂದಕ್ಕೆ ಬರಬೇಕು. ಇವೆರಡನ್ನೂ ಓದಲು ಕಲಿತವನಿಗೆ ಹಕ್ಕಿ ಹಾರಿಹೋಗುವ ಸಂದರ್ಭ ಅಪರೂಪ.

ದೂರಮಸೂರಗಳು ದೂರದ ವಸ್ತುವನ್ನು ದೊಡ್ಡದಾಗಿ ತೋರಿಸುತ್ತವೆ; ಆದರೆ ಕೈಯ ಸಣ್ಣ ನಡುಕವನ್ನೂ ಅಷ್ಟೇ ದೊಡ್ಡದು ಮಾಡುತ್ತವೆ. ಆದುದರಿಂದ ಕ್ಯಾಮರಾಕ್ಕೆ ಟ್ರೈಪಾಡಿನ ಆಸರೆ ಬೇಕು. ಸೂರ್ಯನು ಛಾಯಾಗ್ರಾಹಕನ ಬೆನ್ನ ಹಿಂದಿದ್ದರೆ ಗರಿಯ ಬಣ್ಣ ನಿಚ್ಚಳವಾಗುತ್ತದೆ. ಬೆಳಗ್ಗೆ ಮತ್ತು ಸಂಜೆಯ ಓರೆಬೆಳಕು ನಡುಹಗಲಿನ ಬಿಸಿಲಿಗಿಂತ ಸೌಮ್ಯವಾದುದು. ಬಿಸಿಲೇರಿದ ಮೇಲೆ ಕಾದ ನೆಲದಿಂದ ಏಳುವ ಗಾಳಿ ಬಿಸಿಲ್ಗುದುರೆಯಂತೆ ಕುಣಿದು ದೂರದ ಚಿತ್ರವನ್ನು ಕದಡುತ್ತದೆ. ಹಾರುವ ಹಕ್ಕಿಯ ರೆಕ್ಕೆಯನ್ನು ನಿಶ್ಚಲವಾಗಿ ಹಿಡಿಯಲು ಸೆಕೆಂಡಿನ ಸಾವಿರದಲ್ಲಿ ಒಂದು ಭಾಗ, ಅಥವಾ ಅದಕ್ಕಿಂತಲೂ ಕಡಿಮೆ ಹೊತ್ತು ಬೆಳಕನ್ನು ಒಳಬಿಡಬೇಕು. ಫಿಲ್ಮಿನ ಕಾಲದಲ್ಲಿ ಒಂದು ಸುರುಳಿಗೆ 36 ಚಿತ್ರಗಳಷ್ಟೇ ದಕ್ಕುತ್ತಿದ್ದುದರಿಂದ ಛಾಯಾಗ್ರಾಹಕನು ಒಂದೊಂದು ಚಿತ್ರಕ್ಕೂ ಯೋಚಿಸುತ್ತಿದ್ದನು. ಡಿಜಿಟಲ್ ಕ್ಯಾಮರಾದಲ್ಲಿ ಒಂದು ಬೆಳಗಿಗೆ ಸಾವಿರ ಚಿತ್ರಗಳನ್ನು ತೆಗೆಯಬಹುದು. ಚಿತ್ರಕ್ಕೆ ಖರ್ಚಿಲ್ಲವೆಂದಾಗ ಸಂಯಮವನ್ನು ಛಾಯಾಗ್ರಾಹಕನೇ ತಂದುಕೊಳ್ಳಬೇಕಾಗುತ್ತದೆ. ಗೂಡಿನಲ್ಲಿರುವ ಹಕ್ಕಿಯ ಚಿತ್ರಕ್ಕೆ ಆಸೆಪಡದಿರುವುದು, ಧ್ವನಿಮುದ್ರಿತ ಕೂಗನ್ನು ಕೇಳಿಸಿ ಹಕ್ಕಿಯನ್ನು ಕರೆಯದಿರುವುದು, ಚಿತ್ರಕ್ಕೆ ಅಡ್ಡಬಂದ ಕೊಂಬೆಯನ್ನು ಮುರಿಯದಿರುವುದು, ಇವು ಆ ಸಂಯಮದ ಪಾಠಗಳು.

ಹೀಗೆ ತೆಗೆದ ಛಾಯಾಚಿತ್ರಕ್ಕೆ ಅಂದಕ್ಕಿಂತ ಮಿಗಿಲಾದ ಪ್ರಯೋಜನವೊಂದಿದೆ. ಈಗ ಅನೇಕ ನೀರಂಚಿನ ಹಕ್ಕಿಗಳಿಗೆ ಲೋಹದ ಉಂಗುರದ ಜೊತೆಗೆ ಬಣ್ಣದ ಪ್ಲಾಸ್ಟಿಕ್ ಪಟ್ಟಿಯನ್ನೂ ಕಾಲಿಗೆ ತೊಡಿಸುತ್ತಾರೆ. ಬಣ್ಣವು ಪಟ್ಟಿ ತೊಡಿಸಿದ ಪ್ರದೇಶವನ್ನೂ, ಅದರ ಮೇಲಿನ ಅಕ್ಷರ ಮತ್ತು ಅಂಕಿಗಳು ಆ ಒಂದು ಹಕ್ಕಿಯನ್ನೂ ಸೂಚಿಸುತ್ತವೆ. ಸ್ಪಷ್ಟವಾದ ಚಿತ್ರದಲ್ಲಿ ಆ ಅಕ್ಷರಗಳನ್ನು ಓದಿದರೆ, ಹಕ್ಕಿಯನ್ನು ಮತ್ತೆ ಹಿಡಿಯದೆಯೇ ಅದು ಎಲ್ಲಿಂದ ಎಲ್ಲಿಗೆ ಬಂದಿತೆಂದು ತಿಳಿಯುತ್ತದೆ. ಶಾಲೆಯ ಹುಡುಗನೊಬ್ಬ ದೂರದಲ್ಲಿ ಕುಳಿತು ತೆಗೆದ ಒಂದು ಚಿತ್ರವೂ ಹೀಗೆ ವಿಜ್ಞಾನಕ್ಕೆ ಒದಗಬಲ್ಲದು.

ಚಿತ್ರದಷ್ಟೇ ಮುಖ್ಯವಾದುದು ಟಿಪ್ಪಣಿ. ದಿನಾಂಕ, ವೇಳೆ, ಸ್ಥಳ, ನೀರಿನ ಮಟ್ಟ, ಹಕ್ಕಿಯ ಹೆಸರು, ಎಣಿಕೆ, ಅದು ಮಾಡುತ್ತಿದ್ದ ಕೆಲಸ, ಇಷ್ಟನ್ನು ಅಲ್ಲಿಯೇ ಬರೆಯಬೇಕು. ಸಾವಿರಾರು ಹಕ್ಕಿಗಳ ಹಿಂಡನ್ನು ಒಂದೊಂದಾಗಿ ಎಣಿಸುವುದು ಅಸಾಧ್ಯ. ಅನುಭವಿಗಳು ಮೊದಲು ಹತ್ತು ಹಕ್ಕಿಗಳನ್ನು ಎಣಿಸಿ ಅವು ಎಷ್ಟು ಜಾಗ ಹಿಡಿಯುತ್ತವೆಂದು ಕಣ್ಣಿನಲ್ಲಿ ಇಟ್ಟುಕೊಳ್ಳುತ್ತಾರೆ. ಅದರಿಂದ ನೂರರ ಜಾಗವನ್ನು ಅಳೆದು, ಆ ಅಳತೆ ಹಿಂಡಿನಲ್ಲಿ ಎಷ್ಟು ಬಾರಿ ಕೂರುತ್ತದೆಂದು ಲೆಕ್ಕ ಹಾಕುತ್ತಾರೆ. ಏಷ್ಯದ ನೀರುಹಕ್ಕಿಗಳ ಗಣತಿ ಭಾರತದಲ್ಲಿ 1987ರಲ್ಲಿ ಆರಂಭವಾಗಿ, ಪ್ರತಿವರ್ಷ ಜನವರಿಯಲ್ಲಿ ನಡೆಯುತ್ತದೆ. ಅದರಲ್ಲಿ ಪಾಲ್ಗೊಳ್ಳುವವರಲ್ಲಿ ಬಹುಮಂದಿ ಸ್ವಯಂಪ್ರೇರಿತರಾಗಿ ಬರುವ ಸಾಮಾನ್ಯ ವೀಕ್ಷಕರೇ.

ಇಂತಹ ಎಣಿಕೆಗಳು ಸಂತೋಷದ ಸುದ್ದಿಯನ್ನೇ ತರುವುದಿಲ್ಲ. ಕೋಡಿಯಕ್ಕರೈಯಲ್ಲಿ 1980ರ ದಶಕದಲ್ಲಿ ಕಂಡಷ್ಟು ನೀರಂಚಿನ ಹಕ್ಕಿಗಳು ನಂತರದ ದಶಕಗಳಲ್ಲಿ ಕಾಣಲಿಲ್ಲವೆಂದು ದೀರ್ಘಕಾಲದ ಅಧ್ಯಯನಗಳು ತಿಳಿಸಿವೆ. ಕಾರಣ ಒಂದೇ ಅಲ್ಲ. ಜೌಗಿನ ಭಾಗಗಳು ಉಪ್ಪಿನಾಗರಗಳಾದಾಗ ನೀರಿನ ಹರಿವೂ ಲವಣಾಂಶವೂ ಬದಲಾಗಿ, ಹುಳು ಸಿಗಡಿಗಳ ಬಾಳಿಗೆ ವ್ಯತ್ಯಯ ಬರುತ್ತದೆ. ಹುಲ್ಲುಗಾವಲಿಗೆ ಬಳ್ಳಾರಿ ಜಾಲಿ ನುಗ್ಗಿ ಕೃಷ್ಣಮೃಗಗಳ ಮೇವನ್ನು ಕಿತ್ತುಕೊಂಡಿದೆ. ಪ್ರಕೃತಿಯ ವಿಕೋಪಗಳಿಗೂ ಈ ಭೂಶಿರ ತೆರೆದ ಎದೆಯೊಡ್ಡಿದೆ. 2018ರ ನವೆಂಬರ್ 16ರಂದು ಗಜ ಎಂಬ ಚಂಡಮಾರುತವು ವೇದಾರಣ್ಯದ ಸಮೀಪ ಕರಾವಳಿಗೆ ಅಪ್ಪಳಿಸಿದಾಗ ಧಾಮದ ಅಸಂಖ್ಯ ಮರಗಳು ಉರುಳಿದವು, ಪ್ರಾಣಿಗಳೂ ಸತ್ತವು.

ಚಂಡಮಾರುತವನ್ನು ತಡೆಯುವ ಶಕ್ತಿ ಮನುಷ್ಯನಿಗಿಲ್ಲ. ಜೌಗಿನ ನೀರನ್ನು ಕಾಯುವ ಹೊಣೆ ಸರ್ಕಾರದ್ದು, ವಿಜ್ಞಾನಿಗಳದು, ಆ ಊರಿನ ಉಪ್ಪಿನವರದು ಮತ್ತು ಮೀನುಗಾರರದು. ಆದರೆ ಉಣ್ಣುತ್ತಿರುವ ಹಕ್ಕಿಯನ್ನು ಎಬ್ಬಿಸದಿರುವುದು ಪ್ರತಿಯೊಬ್ಬ ವೀಕ್ಷಕನ ಕೈಯಲ್ಲಿಯೇ ಇರುವ ವಿಷಯ. ಅದಕ್ಕೆ ಹಣ ಬೇಕಿಲ್ಲ, ಅಧಿಕಾರ ಬೇಕಿಲ್ಲ. ಉಣ್ಣಲು ಕುಳಿತವರನ್ನು ಎಬ್ಬಿಸಬಾರದೆಂಬುದು ಈ ನಾಡಿನ ಮನೆಮನೆಯಲ್ಲಿ ಹಿರಿಯರು ಕಲಿಸುವ ಪಾಠ. ಕೋಡಿಯಕ್ಕರೈಯ ಕೆಸರಿನಲ್ಲಿ ಆ ಪಾಠವನ್ನು ಹಕ್ಕಿಗಳಿಗೂ ಅನ್ವಯಿಸಿದರೆ ಸಾಕು. ಸಂಜೆ ತಂಡವು ಹಿಂದಿರುಗಿದ ಮೇಲೂ ಕರ್ಲ್ಯೂ ಸ್ಯಾಂಡ್‌ಪೈಪರ್ ಅದೇ ಕೆಸರಿನಲ್ಲಿ ಕೊಕ್ಕು ಊರುತ್ತಿದ್ದರೆ, ಆ ದಿನದ ಪ್ರವಾಸ ಸಾರ್ಥಕವಾಯಿತು. ಅದರ ಮುಂದಿನ್ನೂ ಏಳು ಸಾವಿರ ಕಿಲೋಮೀಟರ್ ದಾರಿಯಿದೆ.